ತೋರಿಸ್ತೀರಾ ಅಣ್ಣ?

ಕೇಳಿಸ್ತಾ? ಇನ್ನೊಂದು ಸಲ ಹಾಕ್ತೀನಿ, ಇಯರ್‌ಫೋನ್ ಇದ್ದರೆ ಹಾಕ್ಕೊಳ್ಳಿ. ಶ್ರೀರಂಗಪಟ್ಟಣದ ಊರೊಳಗಿನ ರಸ್ತೆ, ಹಂಪ್ ಇಳೀತಾ ಇದ್ದೀನಿ, ಮುಂದಿನ ಎಡಗಡೆ ಚಕ್ರದ ಹತ್ರ... ಕಟಕ್. ಕಟಕ್. ಈ ವಿಡಿಯೋ ಮೂರು ತಿಂಗಳು ಹಳೇದು. ಈ ಶಬ್ದ ಹೋಗಲಿ ಅಂತ ಅಷ್ಟೊತ್ತಿಗಾಗಲೇ ನಾನು 9,400 ರೂಪಾಯಿ ಕೊಟ್ಟಾಗಿತ್ತು.

ನಮ್ಮ ಗಾಡಿಗೆ ಈಗ 11 ವರ್ಷ. ವಾರಕ್ಕೊಂದು ಸಲ ಮೈಸೂರಿಂದ ಪಾಂಡವಪುರದ ಕಡೆ ಊರಿಗೆ ಹೋಗ್ತೀವಿ, ಪಕ್ಕದಲ್ಲಿ ಅಮ್ಮ ಕೂತಿರ್ತಾರೆ. ಮೈಸೂರಲ್ಲೇ ಒಂದು ಗ್ಯಾರೇಜಿಗೆ ತೋರಿಸಿದ್ದೆ. ಅವರು ಗಾಡಿ ಓಡಿಸಿ ನೋಡಲಿಲ್ಲ. ಮುಂದಿನ ಮೂಲೆ ಎರಡು ಸಲ ಒತ್ತಿ, "ಶಾಕ್ಸ್ ಹೋಗಿದೆ ಮೇಡಂ, ಎರಡೂ ಬದಲಾಯಿಸ್ಬೇಕು" ಅಂದ್ರು. ನಾನು ಕೇಳಿದ್ದು ಎರಡೇ ಮಾತು. ಎಷ್ಟಾಗುತ್ತೆ, ಯಾವಾಗ ಸಿಗುತ್ತೆ. ಶಾಕ್ಸ್ ಅಂದ್ರೆ ಶಾಕ್ ಅಬ್ಸಾರ್ಬರ್, ಹಂಪು ಗುಂಡೀಲಿ ಗಾಡಿ ಕುಲುಕದ ಹಾಗೆ ತಡೆಯೋದು. ಹೊಸದು ಹಾಕಿಸ್ಕೊಂಡು ಬಂದೆ. ಮನೆ ಮುಂದಿನ ಹಂಪಲ್ಲೇ ಕಟಕ್ ಅಂತು.

ಆ ಎರಡು ಪ್ರಶ್ನೆ ಬಿಟ್ಟು ಮೆಕ್ಯಾನಿಕ್ ಹತ್ರ ಬೇರೆ ಏನು ಕೇಳಬೇಕಿತ್ತು ಅನ್ನೋದೇ ಇವತ್ತಿನ ವಿಡಿಯೋ.

ಮೊದಲು, ಗ್ಯಾರೇಜ್ ಹುಡುಕೋದು. "ಒಳ್ಳೆ ಮೆಕ್ಯಾನಿಕ್ ಯಾರಿದ್ದಾರೆ" ಅಂತ ಕೇಳಿದ್ರೆ ಎಲ್ಲರೂ ಒಂದೊಂದು ಹೆಸರು ಹೇಳ್ತಾರೆ. ನಾನು ನಮ್ಮ ಚಿಕ್ಕಪ್ಪನ್ನ ಕೇಳಿದ್ದು ಬೇರೆ ಥರ: "ನಿಮ್ಮ ಗಾಡಿ ಎಲ್ಲಿ ಬಿಡ್ತೀರಿ?" ಅವರದು ಗೂಡ್ಸ್ ಗಾಡಿ, ಆಲೆಮನೆಯಿಂದ ಮಂಡ್ಯ ಎಪಿಎಂಸಿಗೆ ಬೆಲ್ಲ ಹೊಡೀತಾರೆ. ಗಾಡಿ ಒಂದು ದಿನ ನಿಂತರೆ ಅವತ್ತಿನ ಬಾಡಿಗೆ ಹೋಯ್ತು. ಅಂಥವರು ಸುಮ್ಮನೆ ಯಾರ ಹತ್ರಾನೂ ಗಾಡಿ ಬಿಡಲ್ಲ. ಟ್ಯಾಕ್ಸಿ ಓಡಿಸೋರು, ಆಟೋದವರು, ಹಾಲಿನ ವ್ಯಾನಿನವರು, ಇವರನ್ನ ಕೇಳಿ.

ಚಿಕ್ಕಪ್ಪ ಹೇಳಿದ್ದು ಮಂಡ್ಯ ಕಡೆಯ ಒಂದು ಸಣ್ಣ ಗ್ಯಾರೇಜು. ಶೀಟ್ ಹೊದಿಸಿದ ಶೆಡ್ಡು, ಒಂದು ಬೇವಿನ ಮರ. ಹೋಗ್ತಿದ್ದ ಹಾಗೇ ಪ್ರಶ್ನೆ ಕೇಳಿದ್ದು ನಾನಲ್ಲ, ಅವರು. "ಹಂಪ್ ಮೇಲ್ ಮಾತ್ರ ಬತ್ತದಾ ಅಕ್ಕ, ಸ್ಟೇರಿಂಗ್ ತಿರುಗುಸ್ದಾಗ್ಲೂ ಬತ್ತದಾ? ಬ್ರೇಕ್ ಒತ್ತುದ್ರೆ ನಿಲ್ತದಾ? ಎಷ್ಟ್ ದಿನ ಆಯ್ತು?" ಆಮೇಲೆ ಕೀ ಇಸ್ಕೊಂಡು, ನನ್ನನ್ನ ಪಕ್ಕ ಕೂರಿಸ್ಕೊಂಡು, ಎರಡು ಕಿಲೋಮೀಟರ್ ಓಡಿಸಿದ್ರು. ಕಿಟಕಿ ಇಳಿಸಿ, ರೇಡಿಯೋ ಆಫ್ ಮಾಡಿ.

ನಾನು ಕೇಳಿದ ಮೊದಲನೇ ಪ್ರಶ್ನೆ: "ಏನು ಹೋಗಿದೆ ಅಂತ ತೋರಿಸ್ತೀರಾ ಅಣ್ಣ?"

ಅವರು ಮುಂದಿನ ಎರಡೂ ಚಕ್ರ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿದ್ರು. ಸ್ಟೇರಿಂಗ್ ಪೂರ್ತಿ ತಿರುಗಿಸಿದ್ರು. ಚಕ್ರದ ಹಿಂದೆ, ಶಾಕ್ಸ್ ಪಕ್ಕ, ಒಂದು ಗೇಣುದ್ದದ ಕಡ್ಡಿ ಇದೆ. ಲಿಂಕ್ ರಾಡ್ ಅಂತಾರೆ. ಅದರ ತುದಿಯ ರಬ್ಬರ್ ಬೂಟ್ ಹರಿದು, ಒಳಗಿನ ಗ್ರೀಸೆಲ್ಲ ಧೂಳು ಕಚ್ಚಿ ಕರೀ ಮಣ್ಣಾಗಿತ್ತು. "ಇಲ್ಲಿ ಕೈ ಮಡಗಿ ಅಕ್ಕ" ಅಂದ್ರು. ಬೆರಳಿಟ್ಟೆ. ಅವರು ಲಿವರ್ ಕೊಟ್ಟು ಅಲ್ಲಾಡಿಸಿದ್ರು. ಟಕ್ ಟಕ್ ಅಂತ ಬೆರಳಿಗೇ ಬಡೀತು. ಮೂರು ವಾರದಿಂದ ಕಿವಿಗೆ ಬೀಳ್ತಿದ್ದ ಶಬ್ದ ಅವತ್ತು ಕೈಗೆ ಸಿಕ್ತು. "ಶಾಕ್ಸ್ ಹೊಸಾವು ಹಾಕವ್ರೆ. ಇದ್ನ ಮುಟ್ಟೇ ಇಲ್ಲ ಕನಕ್ಕ." ಎರಡೂ ಕಡೆಯ ಲಿಂಕ್ ರಾಡ್, ಕೂಲಿ ಸೇರಿ 1,600 ರೂಪಾಯಿ.

ಹಂಗಾಗಿ ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದು: ಇದೇ ಹೋಗಿದೆ ಅಂತ ನಿಮಗೆ ಹೇಗೆ ಗೊತ್ತಾಯ್ತು? ಸ್ಕ್ಯಾನರ್, ಅಂದ್ರೆ ಗಾಡಿಯೊಳಗಿನ ಕಂಪ್ಯೂಟರ್ ಓದೋ ಯಂತ್ರ, ಹಾಕಿ ನೋಡಿದ್ವಿ ಅಂದ್ರೂ ಕೇಳಿ. ಚೆಕ್ ಎಂಜಿನ್ ಲೈಟ್ ಬಂದಾಗ ಸ್ಕ್ಯಾನರ್ ಕೊಡೋ ಕೋಡ್, ತೊಂದರೆ ಯಾವ ಕಡೆ ಇದೆ ಅಂತ ಹೇಳುತ್ತೆ, ಯಾವ ಪಾರ್ಟ್ ಹೋಗಿದೆ ಅಂತ ಹೇಳಲ್ಲ. ಪಿ0171 ಅಂತ ಒಂದು ಕೋಡ್ ಇದೆ. ಎಂಜಿನ್ ಒಳಗೆ ಗಾಳಿ ಹೆಚ್ಚು, ಪೆಟ್ರೋಲ್ ಕಮ್ಮಿ ಅಂತ ಅರ್ಥ. ಸೆನ್ಸರ್ ಹೋಗಿರಬಹುದು, ಪಂಪ್ ಹೋಗಿರಬಹುದು, ಒಂದು ರಬ್ಬರ್ ಪೈಪ್ ಬಿರುಕು ಬಿಟ್ಟಿರಬಹುದು. ಕೋಡ್ ಬಂದ ಮೇಲೆ ಏನೇನು ಪರೀಕ್ಷೆ ಮಾಡಿದ್ರಿ ಅನ್ನೋದಕ್ಕೆ ಉತ್ತರ ಬರಬೇಕು.

ಇನ್ನೊಂದು ಪ್ರಶ್ನೆ: "ಇದನ್ನ ಇವತ್ತೇ ಮಾಡಿಸ್ಬೇಕಾ, ಕಾಯಬಹುದಾ?" ಬ್ರೇಕ್ ಪ್ಯಾಡ್ ಇದೆಯಲ್ಲ, ಹೊಸದಾಗಿದ್ದಾಗ ಸುಮಾರು 10 ಮಿಲಿಮೀಟರ್ ದಪ್ಪ ಇರುತ್ತೆ. 3ಕ್ಕೆ ಬಂತು ಅಂದ್ರೆ ಬದಲಾಯಿಸಲೇಬೇಕು. "ಪ್ಯಾಡ್ ಹೋಗಿದೆ" ಅಂದ್ರೆ ಎಷ್ಟು ಉಳಿದಿದೆ ಅಂತ ಕೇಳಿ. 6 ಇದ್ರೆ ಅವಸರ ಇಲ್ಲ. ಆದರೆ ಬ್ರೇಕ್ ಆಯಿಲ್ ವಿಷಯದಲ್ಲಿ ಅಸಡ್ಡೆ ಮಾಡಬೇಡಿ, ಕೈಮುಗಿದು ಹೇಳ್ತೀನಿ. ಅದು ಗಾಳಿಯಲ್ಲಿರೋ ತೇವ ಹೀರ್ಕೊಳ್ಳುತ್ತೆ. ಡಾಟ್ 4 ಅನ್ನೋ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೂ ಕುದಿಯಲ್ಲ. ನೀರು ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತೆ. ಚಾಮುಂಡಿ ಬೆಟ್ಟ ಇಳೀವಾಗ ಉದ್ದಕ್ಕೂ ಬ್ರೇಕ್ ಮೇಲೇ ಕಾಲಿಟ್ಕೊಂಡು ಬರೋರನ್ನ ನೋಡಿದ್ದೀನಿ, ತಿರುವಲ್ಲಿ ಸುಟ್ಟ ವಾಸನೆ ಬರ್ತಿರುತ್ತೆ. ಅಂಥಾ ಬಿಸಿಗೆ ಹಳೇ ಆಯಿಲ್ ಕುದ್ದು ಗುಳ್ಳೆ ಎದ್ದರೆ, ಪೆಡಲ್ ಮೆತ್ತಗೆ ಒಳಗೆ ಹೋಗುತ್ತೆ, ಗಾಡಿ ನಿಲ್ಲಲ್ಲ. ಸೆಕೆಂಡ್ ಗೇರಲ್ಲಿ ಇಳೀರಿ. ಬ್ರೇಕ್ ಆಯಿಲ್ ಯಾವಾಗ ಹಾಕಿದ್ದು ಅಂತ ಗೊತ್ತಿಲ್ಲದಿದ್ರೆ ಈ ಸಲ ಬದಲಾಯಿಸಿಬಿಡಿ.

ಪಾರ್ಟ್ಸ್ ಯಾವುದು ಹಾಕ್ತೀರಿ ಅಂತ ಮೊದಲೇ ಕೇಳಿ. ಕಂಪನಿದಾ, ಬೇರೆ ಒಳ್ಳೆ ಬ್ರ್ಯಾಂಡಾ, ಲೋಕಲ್ಲಾ. ಡಬ್ಬಿ ಮೇಲಿನ ಎಂಆರ್‌ಪಿ ನೋಡಿ, ಬಿಚ್ಚಿದ ಹಳೇ ಸಾಮಾನು ಕೈಗೆ ಇಸ್ಕೊಳ್ಳಿ. ಕಂಪನಿ ಸರ್ವಿಸ್ ಸೆಂಟರ್ ಅಲ್ಲದ ಹೊರಗಿನ ಗ್ಯಾರೇಜಿನವರು "ಒರಿಜಿನಲ್ ಸಿಗ್ತಿಲ್ಲ" ಅಂದ್ರೆ ಅದು ನಿಜಾನೂ ಇರಬಹುದು. ಬಿಡಿಭಾಗ, ರಿಪೇರಿ ಉಪಕರಣ ಹೊರಗಿನವರಿಗೆ ಸಿಗದ ಹಾಗೆ ಮಾಡಿದ್ದಾರೆ ಅಂತ 2014ರಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ದಂಡ ಹಾಕಿತ್ತು, ಒಟ್ಟು 2,544 ಕೋಟಿ ರೂಪಾಯಿ.

ಬಿಲ್ಲು ಕೇಳೋಕೆ ಸಂಕೋಚ ಬೇಡ. ಮಾಡಿದ ಕೆಲಸಕ್ಕೆ ಬಿಲ್ ಕೊಡದಿರೋದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ತಪ್ಪು. ದೂರು ಕೊಡಬೇಕು ಅಂದ್ರೆ ಗ್ರಾಹಕ ಸಹಾಯವಾಣಿ 1915. ಗಾಡಿ ಬಿಡುವಾಗಲೇ ಅಂದಾಜು ಖರ್ಚು ಬರೆಸ್ಕೊಳ್ಳಿ, "ಬಿಚ್ಚಿದ ಮೇಲೆ ಬೇರೆ ಏನಾದ್ರೂ ಸಿಕ್ಕರೆ ಫೋನ್ ಮಾಡದೆ ಕೈ ಹಾಕಬೇಡಿ" ಅಂತ ಹೇಳಿ.

ನನಗೆ ಆ ಅಣ್ಣನ ಮೇಲೆ ಪೂರ್ತಿ ನಂಬಿಕೆ ಬಂದಿದ್ದು ಹೊರಡೋ ಹೊತ್ತಲ್ಲಿ. ಎಸಿ ತಣ್ಣಗಾಗ್ತಿಲ್ಲ, ಅದನ್ನೂ ನೋಡ್ತೀರಾ ಅಂದೆ. "ಎಸಿ ನನ್ ಕೆಲಸ ಅಲ್ಲ ಅಕ್ಕ, ಗ್ಯಾಸ್ ತುಂಬಿ ಕಾಸ್ ಇಸ್ಕೊಬೌದು, ಆದ್ರೆ ಎಲ್ಲಿ ಲೀಕ್ ಆಯ್ತಾದೆ ಅಂತ ನಂಗೆ ಹೇಳಕ್ಕಾಗಲ್ಲ" ಅಂದ್ರು. ಎಸಿ ಮಾಡೋರ ನಂಬರ್ ಕೊಟ್ಟರು.

ಈಗ ತೋರಿಸ್ತಿದ್ದೀನಲ್ಲ, ಇದು ಅವರು ಕೊಟ್ಟ ಚೀಟಿ. ಮೇಲೆ ಲಿಂಕ್ ರಾಡ್ ಎರಡು, ಕೂಲಿ, ಒಟ್ಟು. ಕೆಳಗೆ ಬಾಲ್ ಪೆನ್ನಲ್ಲಿ ಇನ್ನೊಂದು ಸಾಲು: "ಕ್ಲಚ್ ಈಗ ಬೇಡ, 5,000 ಕಿ.ಮೀ. ಓಡಿಸಿ ಬನ್ನಿ, ನೋಡಣ." ಅಮ್ಮ ಅದನ್ನ ಮಡಚಿ ಡ್ಯಾಶ್‌ಬೋರ್ಡಲ್ಲಿ ಆರ್‌ಸಿ ಜೊತೆ ಇಟ್ಟಿದ್ದಾರೆ. 3,200 ಆಗಿದೆ.