ಒಳಗೆ ಮಳೆ ಬರ್ತಿದ್ದ ಹೋಟೆಲ್ಲು

ಎಲ್ರಿಗೂ ನಮಸ್ಕಾರ. ಹಿಂದೆ ಕೂತವ್ರಿಗೆ ಕೇಳಿಸ್ತಿದ್ಯಾ? ಸರಿ. ನನಗೆ ಕೊಟ್ಟ ವಿಷಯ ಮುಚ್ಚಿಹೋದ ಥೀಮ್ ರೆಸ್ಟೋರೆಂಟುಗಳು ಅಂತ, ಬಹುವಚನ. ನಾನು ಅದನ್ನ ಏಕವಚನ ಮಾಡ್ಕೊಂಡು ಬಂದಿದೀನಿ, ಯಾಕಂದ್ರೆ ಓದ್ತಾ ಓದ್ತಾ ಒಂದೇ ಒಂದರಲ್ಲಿ ಸಿಕ್ಕಾಕೊಂಡ್ಬಿಟ್ಟೆ. ಆ ಹೋಟೆಲ್ ಹೆಸರು ಕಹೀಕಿ. ನಾನು ಅಲ್ಲಿ ಹೋಗಿಲ್ಲ, ಇನ್ಮೇಲೆ ಹೋಗೋಕೂ ಆಗಲ್ಲ, ಕೆಡವಿ ಇಪ್ಪತ್ತು ವರ್ಷದ ಮೇಲಾಯ್ತು.

ಇದು ಇದ್ದಿದ್ದು ಅಮೆರಿಕದ ಒಹಾಯೋ ರಾಜ್ಯದ ಕೊಲಂಬಸ್ ಊರಲ್ಲಿ, ಈಸ್ಟ್ ಬ್ರಾಡ್ ಸ್ಟ್ರೀಟಲ್ಲಿ. ಸುತ್ತ ಮೆಕ್ಕೆಜೋಳದ ಹೊಲ, ಚಳಿಗಾಲ ಬಂದ್ರೆ ಹಿಮ, ಪೆಸಿಫಿಕ್ ಸಮುದ್ರ ನೋಡ್ಬೇಕು ಅಂದ್ರೆ 3000 ಕಿಲೋಮೀಟರಿಗಿಂತ ಜಾಸ್ತಿ ಹೋಗ್ಬೇಕು. ಅಂಥಾ ಕಡೆ 1961ರಲ್ಲಿ ಒಂದು ಪೆಸಿಫಿಕ್ ದ್ವೀಪ ಎದ್ದು ನಿಂತಿತು. ಪೆಸಿಫಿಕ್ಕಿನ ನ್ಯೂ ಗಿನಿ ದ್ವೀಪದ ಕಡೆ ಗಂಡಸರು ಸೇರೋ ಸಭಾಮನೆ ಇರುತ್ತಲ್ಲ, ಆ ನಮೂನೆಯ ಮಾಡು, ಎರಡೂ ತುದಿ ಚೂಪಾಗಿ ಆಕಾಶಕ್ಕೆ ಎದ್ದಿರೋದು, ದೂರದಿಂದ ನೋಡಿದ್ರೆ ಯಾರೋ ದೊಡ್ಡ ದೋಣಿ ಮಗುಚಿ ಹಾಕಿದಾರೆ ಅನ್ಸುತ್ತೆ. ಬಾಗಿಲ ಆಚೆ ಈಚೆ ಎರಡು ಮೋವಾಯ್ ವಿಗ್ರಹ, ಈಸ್ಟರ್ ದ್ವೀಪದ ಆ ಉದ್ದ ಮುಖದವು, ತಲೆ ಮೇಲೆ ಬೆಂಕಿ ಉರೀತಾ ಇರೋದು.

ಒಳಗೆ ಒಂದು ಹಳ್ಳಿ ಥರ. ನಡುವೆ ಬೀದಿ, ಅಕ್ಕಪಕ್ಕ ಗುಡಿಸಲು, ಗುಡಿಸಲೊಳಗೆ ಟೇಬಲ್ಲು. ಬೀದಿ ಕೊನೇಲಿ ಇನ್ನೊಂದು ದೈತ್ಯ ಮೋವಾಯ್, ಅದರ ಬಾಯೇ ಬೆಂಕಿಗೂಡು, ಕಣ್ಣು ಕೆಂಪಗೆ ಹೊಳಿಯೋದು. ಒಂದು ಗೋಡೆ ಉದ್ದಕ್ಕೂ ಮೀನಿನ ತೊಟ್ಟಿ. ಇನ್ನೊಂದು ಗೋಡೆಗೆ ಕಿಟಕಿಗಳು, ಆದ್ರೆ ಕಿಟಕಿಯಾಚೆ ಕೊಲಂಬಸ್ ರಸ್ತೆ ಕಾಣಲ್ಲ, ಕಾಡು ಕಾಣುತ್ತೆ, ಅವರೇ ನೆಟ್ಟ ಕಾಡು. ಆಗಾಗ ಆ ಕಾಡಲ್ಲಿ ಗುಡುಗು, ಮಿಂಚು, ಆಮೇಲೆ ಗಾಜಿನ ಮೇಲೆ ಧಾರಾಕಾರ ಮಳೆ, ಸ್ವಲ್ಪ ಹೊತ್ತಿಗೆ ನಿಲ್ಲೋದು. ನಮ್ಮ ಕಂಪನಿ ನಾಟಕದಲ್ಲಿ ತಗಡು ಅಲ್ಲಾಡಿಸಿ ಗುಡುಗು ಮಾಡ್ತಿದ್ರಲ್ಲ, ಅದೇ ಜಾತಿ. ತಗಡು ಅಂತ ಗೊತ್ತಿದ್ರೂ ಮೈ ಜುಂ ಅಂತಿತ್ತಲ್ಲ ಅದೇ ಅದರ ಮಜಾ.

ಇನ್ನು ಮಿಸ್ಟರಿ ಡ್ರಿಂಕ್ ಅಂತ ಒಂದು ಕಾಕ್‌ಟೇಲ್. ಆರ್ಡರ್ ಮಾಡಿದ್ರೆ ಜಾಗಟೆ ಬಾರಿಸೋರು, ಇಡೀ ಹೋಟೆಲ್ ತಿರುಗಿ ನೋಡೋದು, ಒಬ್ಬ ಹುಡುಗಿ ಹೊಗೆಯಾಡೋ ದೊಡ್ಡ ಬೋಗುಣಿ ಹಿಡ್ಕೊಂಡು ಬರೋಳು, ನಾಲ್ಕು ಜನ ಸ್ಟ್ರಾ ಹಾಕಿ ಕುಡಿಯೋದು, ಕೊರಳಿಗೆ ಹೂವಿನ ಹಾರ. ಸ್ವಲ್ಪ ಜಾಸ್ತಿನೇ ಆಯ್ತು ಅನ್ಸುತ್ತೆ, ಈಗಿನ ಕಣ್ಣಲ್ಲಿ ಆ ಹುಡುಗಿ ಪಾತ್ರ ಮುಜುಗರನೂ ತರುತ್ತೆ, ಅದನ್ನ ಮುಚ್ಚಿಡಲ್ಲ.

ಮತ್ತೆ ಅಲ್ಲಿ ತೋರ್ಸಿದ್ದು ಯಾವ್ದೂ ನಿಜವಾದ ದ್ವೀಪ ಅಲ್ಲ. ನ್ಯೂ ಗಿನಿ ಮಾಡಿನ ಕೆಳಗೆ ಈಸ್ಟರ್ ದ್ವೀಪದ ವಿಗ್ರಹ, ಮೆನುವಲ್ಲಿ ಬಹುಪಾಲು ಚೀನೀ ಅಡುಗೆ. ಹೀಗೆ ಪೆಸಿಫಿಕ್ ದ್ವೀಪದ ವೇಷ ಹಾಕೋ ಟಿಕಿ ಅನ್ನೋ ಹೋಟೆಲ್ ಶೈಲಿ ಹುಟ್ಟಿದ್ದೇ ಯಾವ ದ್ವೀಪದಲ್ಲೂ ಅಲ್ಲ, 1930ರ ದಶಕದಲ್ಲಿ ಹಾಲಿವುಡ್ಡಲ್ಲಿ, ಅಮೆರಿಕದ ಮದ್ಯನಿಷೇಧ ಮುಗಿದ ಹೊತ್ತಲ್ಲಿ, ಡಾನ್ ದಿ ಬೀಚ್‌ಕೂಂಬರ್ ಅನ್ನೋ ಬಾರಲ್ಲಿ. ಆ ಬಾರಿನ ಮಾಲೀಕ ಡಾನ್ ತಗಡಿನ ಮಾಡಿನ ಮೇಲೆ ಪೈಪಲ್ಲಿ ನೀರು ಬಿಡ್ತಿದ್ನಂತೆ, ಹೊರಗೆ ಮಳೆ ಅಂದ್ಕೊಂಡು ಗಿರಾಕಿ ಇನ್ನೊಂದು ಗ್ಲಾಸ್ ಹೇಳ್ಲಿ ಅಂತ! ಆಮೇಲೆ ಎರಡನೇ ಮಹಾಯುದ್ಧಕ್ಕೆ ಪೆಸಿಫಿಕ್ಕಿಗೆ ಹೋದ ಸೈನಿಕರು ವಾಪಸ್ ಬಂದ್ರು, 1959ರಲ್ಲಿ ಹವಾಯಿ ಅಮೆರಿಕದ ರಾಜ್ಯ ಆಯ್ತು, ಹುಚ್ಚು ಊರೂರಿಗೆ ಹರಡ್ತು. ಅಂದಹಾಗೆ ಕಹೀಕಿ ಅನ್ನೋದು ಹವಾಯಿ ಭಾಷೆ ಪದ, ತಹೀತಿ ದ್ವೀಪ ಅಂತ ಒಂದರ್ಥ, ಸುಮ್ನೆ ದೂರದ ನಾಡು ಅಂತ ಇನ್ನೊಂದರ್ಥ. ಇದು ಯಾವ್ದೋ ದೂರದ ನಾಡು ಅಷ್ಟೇ ಅಂತ ಹೆಸರಲ್ಲೇ ಒಪ್ಕೊಂಡ್ಬಿಟ್ಟಿದ್ರು ನೋಡಿ.

1997ರಲ್ಲಿ ಈ ಕಟ್ಟಡ ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರ್ತು. ಪಟ್ಟಿ ಸೇರಿದ್ರೆ ಉಳೀತು ಅಂತ ನಾವೆಲ್ಲ ಅಂದ್ಕೋತೀವಿ. ಹಾಗೇನಿಲ್ಲ, ಖಾಸಗಿ ಮಾಲೀಕ ತನ್ನ ದುಡ್ಡಲ್ಲಿ ತನ್ನ ಕಟ್ಟಡ ಕೆಡವೋದನ್ನ ಆ ಪಟ್ಟಿ ತಡೆಯಲ್ಲ. ಮೂರೇ ವರ್ಷಕ್ಕೆ, 2000ದಲ್ಲಿ ಮುಚ್ಚಿದ್ರು, ಕೆಡವಿದ್ರು, ಅದೇ ಜಾಗದಲ್ಲಿ ಔಷಧಿ ಅಂಗಡಿ ಬಂತು. ಮಾಲೀಕರನ್ನ ಬೈಯೋದು ಸುಲಭ, ಆದ್ರೆ ಒಳಗೆ ಮಳೆ ಸುರಿಯೋ ನಲವತ್ತು ವರ್ಷದ ಹಳೇ ಕಟ್ಟಡ ನಡೆಸೋ ಖರ್ಚು ಯೋಚನೆ ಮಾಡಿ. ಬೇರೆ ಕಡೆ ಹೊಸದು ಕಟ್ಟೋ ಮಾತಿತ್ತು, ಕಟ್ಟಲಿಲ್ಲ.

ನನ್ನನ್ನ ಹಿಡ್ಕೊಂಡಿದ್ದು ಇದಾದ್ಮೇಲಿನ ಕತೆ. ಕಹೀಕಿ ಊಟ ಸಾಯ್ಲಿಲ್ಲ! ಹೋಟೆಲ್ ಇರುವಾಗ್ಲೇ ಫ್ರೋಜನ್ ಫುಡ್ ವ್ಯಾಪಾರ ಶುರು ಮಾಡಿದ್ರು, ಅದು ಬೆಳೀತಾ ಹೋಯ್ತು, ಎಗ್ ರೋಲ್ ಡಬ್ಬಿ ಮೇಲೆ ಅದೇ ಹೆಸರು ಹಾಕಿ ಸೂಪರ್‌ಮಾರ್ಕೆಟ್ ಫ್ರೀಜರಲ್ಲಿ ಇಟ್ಟು ಮಾರಿದ್ರು, 2018ರಲ್ಲಿ ಕೊರಿಯಾದ ಸಿಜೆ ಕಂಪನಿ ಅದನ್ನ ಕೊಂಡ್ಕೊಳ್ತು. ಅಂದ್ರೆ ಹೋಟೆಲ್ ಅಂದ್ರೆ ಊಟ ಅನ್ನೋ ಲೆಕ್ಕದಲ್ಲಿ ಜನ ಕಳ್ಕೊಂಡಿದ್ದು ಏನೂ ಇಲ್ಲ, ಅದೇ ಹೆಸರಿನ ತಿಂಡಿ ಅಂಗಡೀಲೇ ಸಿಗ್ತಿತ್ತು. ಆದ್ರೂ ಡಬ್ಬಿ ತಂದು ಬಿಸಿ ಮಾಡಿ ತಿಂದು ಆಹಾ ನಮ್ಮ ಕಹೀಕಿ ವಾಪಸ್ ಬಂತು ಅಂತ ಯಾರೂ ಕುಣೀಲಿಲ್ಲ, ಜನ ನೆನೆಸ್ಕೊಳ್ಳೋದು ಆ ಬೆಂಕಿಕಣ್ಣಿನ ವಿಗ್ರಹನ, ಜಾಗಟೆನ, ಆ ಸುಳ್ಳು ಮಳೆನ, ಯಾವ್ದನ್ನ ಡಬ್ಬೀಲಿ ಹಾಕೋಕೆ ಬರ್ಲಿಲ್ವೋ ಅದನ್ನ. ನಿಜವಾದ ಮಳೆ ಕೊಲಂಬಸ್ಸಲ್ಲಿ ಬೇಕಾದಷ್ಟು ಬರುತ್ತೆ, ಅದನ್ನ ಯಾರು ಲೆಕ್ಕ ಇಡ್ತಾರೆ.

ಕೆಲವು ಹಳೇ ಫೋಟೋ ತಂದಿದೀನಿ. ಮೊದಲನೇದು ಆ ಕಿಟಕಿ ಸಾಲು. ಸಾರ್, ಮುಂದಿನ ಲೈಟ್ ಸ್ವಲ್ಪ ಆಫ್ ಮಾಡ್ತೀರಾ, ಅಲ್ಲೂ ಕತ್ಲೇನೇ ಇರ್ತಿತ್ತಂತೆ, ಹಗಲು ಹೊತ್ತಲ್ಲೂ.