ಗುಡ್ಡದ ಮನೆಗೆ ಎಷ್ಟು ದೀಪ ಬೇಕು?

ಎಲ್ಲರಿಗೂ ನಮಸ್ಕಾರ. ನಾನೇ ಮಾಡಿದ ಒಂದು ಎಡವಟ್ಟಿನಿಂದ ಶುರು ಮಾಡುತ್ತೇನೆ.

ಸಕಲೇಶಪುರದ ಕಡೆ, ಕಾಫಿ ತೋಟದ ನೆತ್ತಿಯ ಮೇಲೊಂದು ಹೊಸ ಮನೆ. ಅದರ ದೀಪದ ಕೆಲಸ ನನ್ನದು. ಕಣಿವೆಯತ್ತ ಇಡೀ ಗೋಡೆಯೇ ಗಾಜು. ಸೂರಿನಂಚಿಗೆ ಸಾಲಾಗಿ 50 ವ್ಯಾಟಿನ ಬಿಳಿ ಫ್ಲಡ್‌ಲೈಟು ಹಾಕಿಸಿದ್ದೆ. ಗೃಹಪ್ರವೇಶ ಮೇ ತಿಂಗಳಲ್ಲಿ. ಸಂಜೆ ಮೊದಲ ಮಳೆ ಹೊಡೆದು ನಿಂತಿತ್ತು. ಎಲೆ ಹಾಕಿ ಪಾಯಸ ಬಡಿಸುವ ಹೊತ್ತಿಗೆ ರೆಕ್ಕೆಯ ಗೆದ್ದಲು ಎದ್ದವು ನೋಡಿ! ಅನ್ನದಲ್ಲಿ ರೆಕ್ಕೆ, ರೇಷ್ಮೆ ಸೀರೆಯ ಮೇಲೆ ರೆಕ್ಕೆ. ಆ ಮನೆಯ ಅಜ್ಜಿ ಯಾರನ್ನೂ ಕೇಳದೆ ಮೇನ್ ಸ್ವಿಚ್ ಇಳಿಸಿದರು. ಅಂಗಳದ ತುದಿಯಲ್ಲಿ ಒಂದು ಲಾಟೀನು, ಅದರ ಬುಡದಲ್ಲಿ ನೀರು ತುಂಬಿದ ಪರಾತ ಇಡಿಸಿದರು. ಹತ್ತು ನಿಮಿಷದಲ್ಲಿ ಹುಳವೆಲ್ಲ ಅತ್ತ.

ಹುಳ ದೀಪಕ್ಕೆ ಮರುಳಾಗಿ ಬರುತ್ತದೆ ಅಂತ ನಾವೆಲ್ಲ ನಂಬಿದ್ದೆವು. 2024ರಲ್ಲಿ ಪ್ರಕಟವಾದ ಒಂದು ಅಧ್ಯಯನ ಬೇರೆಯದೇ ಹೇಳಿತು. ಹಾರುವ ಹುಳ ತನ್ನ ಬೆನ್ನನ್ನು ಬೆಳಕಿನ ಕಡೆ ಇಟ್ಟುಕೊಳ್ಳುತ್ತದೆ, ಯಾಕೆಂದರೆ ಅದರ ಲೆಕ್ಕದಲ್ಲಿ ಬೆಳಕಿದ್ದ ಕಡೆಯೇ ಆಕಾಶ. ದೀಪ ಪಕ್ಕದಲ್ಲಿದ್ದರೆ ಮೇಲೆ ಕೆಳಗೆ ತಿಳಿಯದೆ ಅಲ್ಲೇ ಗಿರಕಿ ಹೊಡೆಯುತ್ತದೆ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ, ಅಂಕಿ ಇಳಿದಷ್ಟೂ ಬೆಳಕು ಹಳದಿ. 6500 ಕೆಲ್ವಿನ್‌ನ ಬಿಳಿ ಎಲ್‌ಇಡಿಯಲ್ಲಿ ನೀಲಿ ಪಾಲು ಹೆಚ್ಚು, ಹುಳದ ಕಣ್ಣಿಗೆ ಅದೇ ಎದ್ದು ಕಾಣುವುದು. ಹೊರಗೆ 2200, ಒಳಗೆ 2700 ದಾಟಬೇಡಿ ಅನ್ನುವುದು ಅದಕ್ಕೇ. ಇನ್ನು ಹುಳದ ಹಿಂದೆ ಕಪ್ಪೆ, ಕಪ್ಪೆಯ ಹಿಂದೆ ಹಾವು. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬಯಲುಸೀಮೆಯಲ್ಲಿ ದೀಪವನ್ನು ನೆಲಕ್ಕೆ ಮುಖ ಮಾಡಿಸಿದರೆ ಬಹುಪಾಲು ಕೆಲಸ ಮುಗಿಯಿತು. ಗುಡ್ಡದಲ್ಲಿ ಹಾಗಲ್ಲ, ನಿಮ್ಮ ಕೆಳಗೂ ಜನರಿದ್ದಾರೆ. ಅವರು ತಲೆಯೆತ್ತಿದರೆ ನಿಮ್ಮ ಜಗಲಿಯ ಬಲ್ಬು ನೇರ ಕಣ್ಣಿಗೆ. ಬಲ್ಬು ಗೂಡಿನೊಳಗೆ ಹುದುಗಿರಬೇಕು, ಕಣಿವೆಯ ಕಡೆಗೊಂದು ಮರೆ ಇರಬೇಕು. ಈಗ ನಾನು ನಕ್ಷೆ ಬರೆಯುವ ಮೊದಲು ಒಬ್ಬರ ಕೈಗೆ ಟಾರ್ಚ್ ಕೊಟ್ಟು ಜಾಗದಲ್ಲಿ ನಿಲ್ಲಿಸಿ, ಕೆಳಗಿನ ದಾರಿಗಿಳಿದು ತಿರುಗಿ ನೋಡುತ್ತೇನೆ. ಕತ್ತಲೆ ಎಲ್ಲಿ ಉಳಿಯಬೇಕು ಅನ್ನುವುದು ಅಲ್ಲಿ ಗೊತ್ತಾಗುತ್ತದೆ, ದೀಪದ ಮಾತು ಆಮೇಲೆ.

ಗಾಜಿನ ಗೋಡೆಯ ಕಥೆ ಕೇಳಿ. ರಾತ್ರಿ ಒಳಗೆ ಜೋರು ದೀಪ ಹಾಕಿದಿರೋ, ಅಷ್ಟು ದುಬಾರಿ ಗಾಜು ಬರೀ ಕನ್ನಡಿ. ಕಣಿವೆ ಮಾಯವಾಗಿ ಸೋಫಾದ ಮೇಲೆ ಕೂತ ನೀವೇ ಕಾಣುತ್ತೀರಿ. ‘ಹೊರಗಿನ ಮರಗಳಿಗೆ ಲೈಟ್ ಬಿಡೋಣ ಸಾರ್’ ಅನ್ನುತ್ತಾರೆ. ಬೇಡ, ಒಳಗಿನದನ್ನು ತಗ್ಗಿಸಿ. ಚಾವಣಿ ದೀಪದ ಬದಲು ತಗ್ಗಿನಲ್ಲಿ ಎರಡು ಮುಸುಕಿನ ಲ್ಯಾಂಪು, ಜೊತೆಗೊಂದು ಡಿಮ್ಮರ್. ಹುಣ್ಣಿಮೆಯ ಬೆಳದಿಂಗಳು ಹೆಚ್ಚೆಂದರೆ 0.3 ಲಕ್ಸ್ (ಲಕ್ಸ್ ಅಂದರೆ ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ). ಕಣ್ಣಿಗೆ ಅರ್ಧ ಗಂಟೆ ಕತ್ತಲು ಕೊಟ್ಟರೆ ಅಷ್ಟರಲ್ಲೇ ಸಿಲ್ವರ್ ಓಕ್‌ನ ಸಾಲು ಕಾಣುತ್ತದೆ.

ಮಂಜಿಗೆ ಹಳದಿ ದೀಪ ಒಳ್ಳೆಯದು ಎಂಬ ಮಾತಿದೆ. ಆದರೆ ಮಂಜಿನ ಹನಿಗಳು ಬೆಳಕಿನ ಅಲೆಗಿಂತ ಎಷ್ಟೋ ದೊಡ್ಡವು. ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ಸಮ ಚದುರಿಸುತ್ತವೆ. ಬಣ್ಣಕ್ಕಿಂತ ಎತ್ತರ ಮುಖ್ಯ. ಕಂಬದ ಮೇಲಿನ ದೀಪ ಮಂಜಿನಲ್ಲಿ ಬಿಳಿ ಪರದೆ ಕಟ್ಟುತ್ತದೆ, ಗೇಣೆತ್ತರದ ದೀಪ ದಾರಿ ತೋರಿಸುತ್ತದೆ.

ಮೆಟ್ಟಿಲಿನಲ್ಲಿ ಮಾತ್ರ ನಾನು ಜಿಪುಣನಲ್ಲ. ಜುಲೈ ಹೊತ್ತಿಗೆ ಪಾಚಿ ಕಟ್ಟಿದ ಕಲ್ಲು, ಕೈಯಲ್ಲಿ ಕೊಡೆ. ಬೆನ್ನ ಹಿಂದೆ ದೀಪವಿದ್ದರೆ ನಿಮ್ಮ ನೆರಳೇ ಮೆಟ್ಟಿಲನ್ನು ನುಂಗುತ್ತದೆ. ಪಕ್ಕದ ಗೋಡೆಯಲ್ಲಿ, ಪಾದದ ಮಟ್ಟದಲ್ಲಿ ಸಣ್ಣ ದೀಪ ಇಡಿ. ಬೆಳಕು ಅಡ್ಡಲಾಗಿ ಬಿದ್ದಾಗ ಮೆಟ್ಟಿಲಿನ ಅಂಚು ಎದ್ದು ಕಾಣುತ್ತದೆ. ಐಪಿ ಅಂದರೆ ದೂಳು, ನೀರು ಒಳಹೋಗದಂತೆ ತಡೆಯುವ ದರ್ಜೆ, ಮಳೆಗೆ ಐಪಿ65ಕ್ಕಿಂತ ಕಡಿಮೆಯದು ಬೇಡ. 24 ವೋಲ್ಟಿನ ತಂತಿ, ಒಳ್ಳೆ ಅರ್ತಿಂಗ್, ಸಿಡಿಲಿಗೆ ಸರ್ಜ್ ಪ್ರೊಟೆಕ್ಟರ್. ಇದೆಲ್ಲ ನಿಮ್ಮ ಎಲೆಕ್ಟ್ರಿಷಿಯನ್‌ಗೆ ಗೊತ್ತಿರುತ್ತದೆ, ಮಾಡಿಸಿಕೊಳ್ಳುವ ಹಟ ನಿಮಗಿರಬೇಕು.

ಅಜ್ಜಿಯ ಮನೆಗೆ ಆಮೇಲೆ ಹೋದಾಗ ಅವರು ಕೇಳಿದ್ದು ಒಂದೇ: ಹೊರಗಿನ ದೀಪವೆಲ್ಲ ಒಟ್ಟಿಗೆ ಆರುವಂತೆ ತಮ್ಮ ಮಂಚದ ಪಕ್ಕ ಒಂದು ಸ್ವಿಚ್ಚು. ಮಿಣುಕುಹುಳ ಬರುವ ಕಾಲ ಅದು. ಗಂಡು ಹಾರುತ್ತಾ ಮಿನುಗಿ ಕರೆಯುತ್ತದೆ, ಹೆಣ್ಣು ಕೂತಲ್ಲಿಂದ ಮಿನುಗಿ ಉತ್ತರ ಕೊಡುತ್ತದೆ. ನಡುವೆ ನಮ್ಮ ದೀಪ ಉರಿದರೆ ಆ ಮಾತುಕತೆಯೇ ಕೆಡುತ್ತದೆ. ಸ್ವಿಚ್ಚು ಹಾಕಿಕೊಟ್ಟೆ. ಆ ಫ್ಲಡ್‌ಲೈಟುಗಳು ಈಗ ತೋಟದ ಕಣದಲ್ಲಿವೆ, ಕುಯಿಲಿನ ಕಾಲದಲ್ಲಿ ಸಂಜೆ ಕಾಫಿ ಚೀಲ ತುಂಬುವಾಗ ಉರಿಸುತ್ತಾರೆ.