ಮೆಟ್ಟಿಲ ಮೇಲಿನ ಮಾತು, ಮನೆಯೊಳಗಿನ ಗುಂಡು

ಒಂದು ಬಾಗಿಲು, ಮೆಟ್ಟಿಲು. ಕುರ್ಟ್ ವೈಲ್ ಸಂಗೀತ ಸಂಯೋಜಿಸಿದ 'ಸ್ಟ್ರೀಟ್ ಸೀನ್' ಎಂಬ ಒಪೆರಾಕ್ಕೆ, ಅಂದರೆ ಹಾಡುನಾಟಕಕ್ಕೆ, ಇಷ್ಟೇ ಜಾಗ ಸಾಕು. ಕಥೆ ನಡೆಯುವುದು ನ್ಯೂಯಾರ್ಕಿನಲ್ಲಾದರೂ ಮಹಾನಗರ ಕಣ್ಣಿಗೆ ಬೀಳುವುದಿಲ್ಲ. ಮ್ಯಾನ್‌ಹ್ಯಾಟನ್‌ನ ಒಂದು ಹಳೆಯ ವಠಾರ, ಜೂನ್ ತಿಂಗಳ ಸೆಕೆ, ಒಳಗೆ ಇರಲಾರದೆ ಹೊರಗೆ ಬಂದು ಕೂತ ಬಾಡಿಗೆದಾರರು.

ಅನ್ನಾ ಮಾರಂಟ್ ಎಂಬಾಕೆಗೂ ಹಾಲಿನ ಬಾಕಿ ವಸೂಲಿಗೆ ಬರುವ ಸ್ಯಾಂಕಿಗೂ ಸಂಬಂಧವಿದೆಯೆಂದು ವಠಾರಕ್ಕೆಲ್ಲ ಗೊತ್ತು. ಅವಳು ಎದುರಿಗಿಲ್ಲದಾಗ ಶ್ರೀಮತಿ ಜೋನ್ಸ್ ಮತ್ತು ನೆರೆಯವರ ಗುಸುಗುಸು ಹಾಡಾಗುತ್ತದೆ. ಕೇಳಲು ಎಷ್ಟು ಸೊಗಸಾಗಿದೆಯೆಂದರೆ, ನಾವೂ ಕಿವಿ ನಿಮಿರಿಸಿ ಕೂರುತ್ತೇವೆ. ಪರನಿಂದೆಯ ರುಚಿಯನ್ನು ವೈಲ್ ನಮ್ಮ ನಾಲಿಗೆಗೂ ಹಚ್ಚಿಬಿಡುತ್ತಾನೆ.

ಆಮೇಲೆ ಇಟಲಿಯ ಸಂಗೀತ ಮೇಷ್ಟ್ರು ಲಿಪ್ಪೊ ಎಲ್ಲರಿಗೂ ಐಸ್‌ಕ್ರೀಂ ತರುತ್ತಾನೆ. ಇಟಾಲಿಯನ್ ಒಪೆರಾದ ಠೀವಿಯಲ್ಲಿ ಆರು ಕಂಠಗಳು ಐಸ್‌ಕ್ರೀಮನ್ನು ಕೊಂಡಾಡುತ್ತವೆ. ಇಟಲಿ, ಜರ್ಮನಿ, ಸ್ವೀಡನ್‌ಗಳಿಂದ ಬಂದವರು ಒಂದೇ ಮೆಟ್ಟಿಲ ಮೇಲೆ ನಗುತ್ತಿರುವ ಈ ಕ್ಷಣ ನನಗೆ ಬಹಳ ಇಷ್ಟ. ಆದರೆ ಅನ್ನಾಳ ಗಂಡ ಫ್ರಾಂಕ್‌ಗೆ ವಲಸಿಗರೆಂದರೆ ಆಗದು. ಯಹೂದಿ ಮುದುಕ ಕಾಪ್ಲಾನ್ ವಾದಕ್ಕಿಳಿದರೆ ಕೈಯೆತ್ತಲೂ ಸಿದ್ಧ. ಎಲ್ಲವೂ ಮೊದಲಿದ್ದಂತೆಯೇ ಇರಬೇಕು ಎಂದು ಫ್ರಾಂಕ್ ಹಾಡುತ್ತಾನೆ. ದೇಶ, ಮನೆ, ಹೆಂಡತಿ ಮೂರೂ ಒಂದೇ ಪಹಣಿಯಲ್ಲಿ ತನ್ನ ಹೆಸರಿಗಿದ್ದಂತೆ ಅವನ ಧೋರಣೆ. ಕೊನೆಗೆ ಅನ್ನಾಳನ್ನೂ ಸ್ಯಾಂಕಿಯನ್ನೂ ಗುಂಡಿಕ್ಕಿ ಕೊಲ್ಲುತ್ತಾನೆ.

ಇದನ್ನು ಕಟ್ಟಿದವರು ಯಾರೆಂಬುದೂ ಮುಖ್ಯ. ವೈಲ್ ಯಹೂದಿ, 1933ರಲ್ಲಿ ನಾಜಿಗಳ ಜರ್ಮನಿಯಿಂದ ತಪ್ಪಿಸಿಕೊಂಡು, 1935ರಲ್ಲಿ ಅಮೆರಿಕ ಸೇರಿದವನು. ಎಲ್ಮರ್ ರೈಸ್ ತನ್ನದೇ 1929ರ ನಾಟಕವನ್ನು ಒಪೆರಾಕ್ಕೆ ಒಗ್ಗಿಸಿದ. ಹಾಡುಗಳನ್ನು ಬರೆದದ್ದು ಕಪ್ಪು ಕವಿ ಲ್ಯಾಂಗ್ಸ್ಟನ್ ಹ್ಯೂಸ್. 1947ರಲ್ಲಿ ನ್ಯೂಯಾರ್ಕಿನ ನಾಟಕಶಾಲೆಗಳ ಬೀದಿ ಬ್ರಾಡ್‌ವೇಗೆ ಬಂದ ಈ ಕೃತಿಯಲ್ಲಿ ಹೊರಗಿನವರೆನಿಸಿಕೊಂಡ ನೋವು ಊಹೆಯದಲ್ಲ.

ಅನ್ನಾಳ ಮಗಳು ರೋಸ್, ಕಾಪ್ಲಾನನ ಮಗ ಸ್ಯಾಮ್ ಪರಸ್ಪರ ಮೆಚ್ಚಿದವರು. ಎಲ್ಲ ಮುಗಿದ ಮೇಲೆ ಅವನು ಜೊತೆಗೆ ಬರುತ್ತೇನೆ ಎನ್ನುತ್ತಾನೆ. ರೋಸ್ ಒಪ್ಪುವುದಿಲ್ಲ. ಯಾರೂ ಇನ್ನೊಬ್ಬರ ಸ್ವತ್ತಾಗಬಾರದು ಎಂಬುದು ಅವಳ ಮಾತು. ಅಪ್ಪನ ರೋಗಕ್ಕೆ ಹೆಸರಿಟ್ಟವಳು ಅವಳೊಬ್ಬಳೇ.

ಕೇಳುವುದಾದರೆ ಬಿಡಿ ಹಾಡುಗಳನ್ನು ಹೆಕ್ಕಬೇಡಿ, ಮೊದಲಿನಿಂದ ಕೇಳಿ. ನೆರೆಯವರ ಗುಸುಗುಸು ಕಿವಿಯಲ್ಲಿದ್ದಾಗಲೇ ಅನ್ನಾಳ ದೀರ್ಘ ಹಾಡು ಬರಬೇಕು. ಆಗ ಅವಳು ಯಾರ ಮುಂದೆ ತನ್ನ ಮನಸ್ಸು ತೆರೆದಿಡುತ್ತಿದ್ದಾಳೆಂದು ತಿಳಿಯುತ್ತದೆ.